ಸ್ಲಾವಿಕ್ ಫ್ಯಾಂಟಸಿ ಓದುವ ಮೊದಲು ಬಾಬಾ ಯಾಗಾಳ ಗುಡಿಸಲಿಗೆ ಹೋಗಿ ಬನ್ನಿ

ವಾಸಿಲಿಸಾ ಪೆತ್ರೋವ್ನಾ, ವಾಸ್ಯಾ, ವಾಸೊಚ್ಕಾ. ಮೊದಲ ಸಲ ಈ ಬಗೆಯ ಕಾದಂಬರಿ ಹಿಡಿದಾಗ ಇವರು ಮೂವರು ಬೇರೆ ಬೇರೆ ಹುಡುಗಿಯರು ಅಂತಲೇ ನಾನು ತಿಳಿದಿದ್ದೆ. ಸಾಶಾ ಅನ್ನುವವಳು ಅಕ್ಕ ಇರಬೇಕು ಅಂದುಕೊಂಡಿದ್ದೆ, ಅವನು ಅಣ್ಣ. ಐವತ್ತು ಪುಟ ದಾಟುವಷ್ಟರಲ್ಲಿ ತಲೆ ಗೊಂದಲವಾಗಿ ಪುಸ್ತಕ ಮುಚ್ಚಿಟ್ಟೆ. ಆಮೇಲೆ ಯಾವಾಗಲೋ ರಷ್ಯಾದ ಹಳೆಯ ಜನಪದ ಕಥೆಗಳನ್ನು ಓದಿದೆ. ಅದೇ ಪುಸ್ತಕವನ್ನು ಮತ್ತೆ ತೆರೆದರೆ ಎರಡೇ ರಾತ್ರಿಯಲ್ಲಿ ಮುಗಿಯಿತು. ಪುಸ್ತಕ ಬದಲಾಗಿರಲಿಲ್ಲ. ಅದರ ಕೆಳಗೆ ಇನ್ನೊಂದು ಕಥೆ ಹರಿಯುತ್ತಿದೆ ಅನ್ನುವುದು ಈ ಸಲ ಕಾಣುತ್ತಿತ್ತು, ಅಷ್ಟೆ.

ಸ್ಲಾವಿಕ್, ಅಂದರೆ ರಷ್ಯಾ, ಪೋಲೆಂಡ್, ಸರ್ಬಿಯಾದಂಥ ನಾಡುಗಳ ಜನಪದ ಕಥೆಗಳ ಮೇಲೆ ಕಟ್ಟಿದ ಫ್ಯಾಂಟಸಿ ಈಗ ಹರೆಯದ ಓದುಗರ ನಡುವೆ ಬಹಳ ಓಡುತ್ತಿದೆ. ಹಿಮ, ಕಾಡು, ಕೋಳಿಕಾಲಿನ ಗುಡಿಸಲು, ಚಳಿರಾಜ ಎಲ್ಲ ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಕಡೆಯ ಓದುಗರು ಅರ್ಧಕ್ಕೇ ಬಿಟ್ಟುಬಿಡುವುದನ್ನು ನಾನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಈ ಲೇಖನ. ನೀವು ಓದುವವರಾಗಿರಬಹುದು, ಅಥವಾ ಮನೆಯಲ್ಲಿ ಓದುವ ಮಗ ಮಗಳು ಇರಬಹುದು. ಇಲ್ಲಿ ಹೇಳಿದ ಕ್ರಮದಲ್ಲಿ ಹೋಗಿ, ದಾರಿ ತಪ್ಪುವುದಿಲ್ಲ.

ಮೊದಲ ಹೆಜ್ಜೆ: ಕಾದಂಬರಿ ಬದಿಗಿಡಿ, ಮೂರು ಹಳೆಯ ಕಥೆ ಓದಿ

ಒಂದು ವಾರ ಸಾಕು. ಈ ಕಥೆಗಳ ದೊಡ್ಡ ಕಣಜ ಅಲೆಕ್ಸಾಂಡರ್ ಅಫನಾಸ್ಯೆವ್ ಅವರದು. 1855ರಿಂದ 1863ರವರೆಗೆ ಎಂಟು ಭಾಗಗಳಲ್ಲಿ ಸುಮಾರು ಆರುನೂರು ರಷ್ಯನ್ ಜನಪದ ಕಥೆಗಳನ್ನು ಅವರು ಅಚ್ಚು ಹಾಕಿಸಿದರು. ಓದಿದ್ದು ಕಾನೂನು, ಕೆಲಸ ಮಾಸ್ಕೋದ ಸರ್ಕಾರಿ ದಾಖಲೆಗಳ ಭಂಡಾರದಲ್ಲಿ. 1862ರಲ್ಲಿ ಆ ಕೆಲಸವೂ ಹೋಯಿತು. ಕೊನೆಗಾಲದಲ್ಲಿ ತಾವು ಕೂಡಿಟ್ಟ ಪುಸ್ತಕಗಳನ್ನೇ ಮಾರಬೇಕಾಯಿತು. 1871ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಐವತ್ತೂ ಆಗಿರಲಿಲ್ಲ. ಇವತ್ತು ಜಗತ್ತಿನಲ್ಲಿ ಎಲ್ಲೇ ಕಾಡಿನ ಮಾಟಗಾತಿ ಮುದುಕಿ ಬಾಬಾ ಯಾಗಾಳ ಹೆಸರು ಕೇಳಿಬಂದರೂ ಅದರ ಹಿಂದೆ ಈ ಮನುಷ್ಯನ ದುಡಿಮೆ ಇದೆ.

ಇಂಗ್ಲಿಷಿನಲ್ಲಿ ರಾಲ್ಸ್‌ಟನ್ ಅವರ 1873ರ ಸಂಕಲನ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮಕ್ಕಳಿಗೆ ಓದಿ ಹೇಳುವುದಾದರೆ ಆರ್ಥರ್ ರಾನ್ಸಮ್ 1916ರಲ್ಲಿ ಮಾಡಿದ ಸಂಗ್ರಹ ಇನ್ನೂ ಸುಲಭ, ಅದೂ ಅಲ್ಲೇ ಇದೆ. ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಚಿತ್ರಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ನಿಮ್ಮ ಮನೆಯ ಹಿರಿಯರ ಕಪಾಟಿನಲ್ಲಿ ಒಂದೆರಡು ಉಳಿದಿದ್ದರೂ ಉಳಿದಿರಬಹುದು, ಹುಡುಕಿ ನೋಡಿ.

ಮೊದಲ ಕಥೆ 'ಸುಂದರಿ ವಾಸಿಲಿಸಾ'. ಮೂರರಲ್ಲಿ ಒಂದನ್ನೇ ಓದುತ್ತೇನೆ ಅಂದರೆ ಇದನ್ನೇ ಓದಿ.

ತಾಯಿ ಸಾಯುವಾಗ ಎಂಟು ವರ್ಷದ ಮಗಳನ್ನು ಹತ್ತಿರ ಕರೆದು, ಹೊದಿಕೆಯ ಅಡಿಯಿಂದ ಒಂದು ಪುಟ್ಟ ಬೊಂಬೆ ತೆಗೆದು ಕೊಡುತ್ತಾಳೆ. ಯಾರಿಗೂ ತೋರಿಸಬೇಡ, ಕಷ್ಟ ಬಂದಾಗ ಇದಕ್ಕೆ ತಿನ್ನೋಕೆ ಕೊಟ್ಟು ಏನು ಮಾಡಲಿ ಅಂತ ಕೇಳು ಅನ್ನುತ್ತಾಳೆ. ಆಮೇಲೆ ಮಲತಾಯಿ, ಅವಳ ಇಬ್ಬರು ಹೆಣ್ಣುಮಕ್ಕಳು. ಒಂದು ರಾತ್ರಿ ಮನೆಯಲ್ಲಿ ಬೆಂಕಿಯೇ ಇಲ್ಲ, ಇದ್ದ ಒಂದೇ ಮೇಣದಬತ್ತಿಯನ್ನೂ ಬೇಕಂತಲೇ ಆರಿಸುತ್ತಾರೆ. ಒಬ್ಬಳು ಲೇಸು ಹೆಣೆಯುತ್ತಿದ್ದಾಳೆ, ನನಗೆ ಗುಂಡುಸೂಜಿಯ ಹೊಳಪೇ ಸಾಕು ಅನ್ನುತ್ತಾಳೆ. ಇನ್ನೊಬ್ಬಳು ಕಾಲುಚೀಲ ಹೆಣೆಯುತ್ತಿದ್ದಾಳೆ, ನನಗೆ ಕಡ್ಡಿಯ ಹೊಳಪು ಸಾಕು ಅನ್ನುತ್ತಾಳೆ. ನೂಲುವ ವಾಸಿಲಿಸಾ ಮಾತ್ರ ಬೆಂಕಿ ತರೋಕೆ ಕಾಡಿಗೆ ಹೋಗಬೇಕು, ಬಾಬಾ ಯಾಗಾಳ ಮನೆಗೆ. ನಮ್ಮ ಹಳ್ಳಿಗಳಲ್ಲೂ ಒಲೆ ಆರಿದರೆ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದರು ಅಲ್ವಾ? ಅದೇ ಕೆಲಸ. ಇಲ್ಲಿ ಪಕ್ಕದ ಮನೆಯವಳು ಮನುಷ್ಯರನ್ನು ತಿನ್ನುವ ಮುದುಕಿ.

ಅವಳ ಬೇಲಿ ಮನುಷ್ಯರ ಮೂಳೆಯದು, ಮೇಲೆ ಕಣ್ಣು ಉರಿಯುವ ತಲೆಬುರುಡೆಗಳು. ಅವಳು ಬರುವುದು ಒರಳಿನಲ್ಲಿ ಕೂತು, ಒನಕೆಯಿಂದ ಓಡಿಸುತ್ತಾ, ಪೊರಕೆಯಿಂದ ಹಿಂದಿನ ಜಾಡು ಗುಡಿಸುತ್ತಾ. ಇದನ್ನು ಇಂಗ್ಲಿಷಿನಲ್ಲಿ ಓದುವಾಗ ಪರಕೀಯ ಅನ್ನಿಸಬಹುದು. ಒರಳು, ಒನಕೆ, ಪೊರಕೆ ಅಂತ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದಿ. ಅಡುಗೆಮನೆಯ ಮೂಲೆಯಲ್ಲಿರುವ ಸಾಮಾನುಗಳೇ ಹಾರಿಬಂದಾಗ ಹುಟ್ಟುವ ಭಯ ಬೇರೆಯೇ. ಕೊಡುವ ಕೆಲಸಗಳೂ ಹಾಗೇ: ಅಂಗಳ ಗುಡಿಸು, ಅಡುಗೆ ಮಾಡು, ಬಟ್ಟೆ ಒಗೆ, ಗೋಧಿಯಿಂದ ಕಪ್ಪು ಕಾಳು ಆರಿಸು. ಮರುದಿನ ಗಸಗಸೆಗೆ ಬೆರೆತ ಮಣ್ಣನ್ನು ಒಂದೊಂದಾಗಿ ಬಿಡಿಸು. ಗಸಗಸೆ ಪಾಯಸಕ್ಕೆ ಗಸಗಸೆ ತೊಳೆದವರಿಗೆ ಇದು ಎಂಥ ಶಿಕ್ಷೆ ಅಂತ ಹೇಳಬೇಕಾಗಿಲ್ಲ.

ಈಗ ಕಥೆಯ ಒಂದು ಜಾಗದಲ್ಲಿ ನಿಲ್ಲಬೇಕು. ಕೆಲಸವೆಲ್ಲ ಮುಗಿದಿದೆ, ಎಲ್ಲ ಮಾಡಿದ್ದು ಬೊಂಬೆ. ಏನಾದರೂ ಕೇಳುವುದಿದ್ದರೆ ಕೇಳು ಅನ್ನುತ್ತಾಳೆ ಯಾಗಾ. ಆದರೆ ಎಲ್ಲ ಪ್ರಶ್ನೆಯಿಂದಲೂ ಒಳ್ಳೆಯದಾಗುವುದಿಲ್ಲ, ಜಾಸ್ತಿ ತಿಳಿದುಕೊಂಡರೆ ಬೇಗ ಮುದುಕಿಯಾಗುತ್ತೀಯ ಅಂತಲೂ ಎಚ್ಚರಿಸುತ್ತಾಳೆ. ವಾಸಿಲಿಸಾ ದಾರಿಯಲ್ಲಿ ಕಂಡ ಮೂವರು ಸವಾರರ ಬಗ್ಗೆ ಕೇಳುತ್ತಾಳೆ. ಬಿಳಿಯವನು ನನ್ನ ಹಗಲು, ಕೆಂಪಿನವನು ನನ್ನ ಸೂರ್ಯ, ಕಪ್ಪಿನವನು ನನ್ನ ರಾತ್ರಿ ಅನ್ನುತ್ತಾಳೆ ಮುದುಕಿ. ಮನೆಯೊಳಗೆ ವಾಸಿಲಿಸಾ ಇನ್ನೊಂದನ್ನು ನೋಡಿದ್ದಾಳೆ. ಮೈ ಇಲ್ಲದ ಮೂರು ಜೊತೆ ಕೈಗಳು ಬಂದು ಗೋಧಿಯನ್ನು, ಗಸಗಸೆಯನ್ನು ಎತ್ತಿಕೊಂಡು ಹೋಗಿದ್ದವು. ಅದು ಅವಳಿಗೆ ನೆನಪಾಗುತ್ತದೆ. ಸುಮ್ಮನಿರುತ್ತಾಳೆ. ಇನ್ನೂ ಯಾಕೆ ಕೇಳುವುದಿಲ್ಲ ಅಂದರೆ, ಅಜ್ಜಿ, ಜಾಸ್ತಿ ತಿಳಿದರೆ ಮುದುಕಿಯಾಗುತ್ತೀಯ ಅಂತ ನೀವೇ ಹೇಳಿದ್ದೀರಲ್ಲ ಅನ್ನುತ್ತಾಳೆ. ಆಗ ಯಾಗಾ, ಹೊರಗೆ ಕಂಡದ್ದನ್ನಷ್ಟೇ ಕೇಳಿದೆ, ಒಳಗಿನದು ಕೇಳಲಿಲ್ಲ, ಒಳ್ಳೆಯದಾಯಿತು, ನನ್ನ ಮನೆಯ ಕಸ ಹೊರಗೆ ಹೋಗುವುದು ನನಗೆ ಆಗುವುದಿಲ್ಲ ಅನ್ನುತ್ತಾಳೆ. ಮನೆಗುಟ್ಟು ರಟ್ಟಾಗಬಾರದು ಅಂತ ನಾವು ಹೇಳುವುದೂ ಇದನ್ನೇ.

ಆ ಕೈಗಳು ಯಾರವು ಅಂತ ಕಥೆ ಕೊನೆಯವರೆಗೂ ಹೇಳುವುದಿಲ್ಲ. ಹೊಸ ಕಾದಂಬರಿಕಾರರು ಕೈ ಹಾಕುವುದು ಇಂಥ ಕಡೆಗೇ. ಹಳೆಯ ಕಥೆ ಬಾಯಿ ಮುಚ್ಚಿಕೊಂಡ ಜಾಗದಿಂದ ಹೊಸದು ಶುರುವಾಗುತ್ತದೆ. ಓದುವಾಗ ಇದೊಂದು ನೆನಪಿರಲಿ.

ಎರಡನೆಯ ಕಥೆ 'ಮೊರೋಜ್ಕೊ', ಅಂದರೆ ಚಳಿರಾಯ. ಮಲತಾಯಿ ಕಾಡಿಗೆ ಅಟ್ಟಿದ ಹುಡುಗಿಯನ್ನು ಅವನು ಮತ್ತೆ ಮತ್ತೆ ಕೇಳುತ್ತಾನೆ: ಬೆಚ್ಚಗಿದ್ದೀಯಾ ಮಗಳೇ? ಹಲ್ಲು ಕಟಕಟ ಅನ್ನುತ್ತಿದ್ದರೂ ಬೆಚ್ಚಗಿದ್ದೇನೆ ಅನ್ನುತ್ತಾಳೆ. ಅವಳಿಗೆ ತುಪ್ಪಳದ ಕೋಟು, ಒಡವೆ. ಮಲತಾಯಿಯ ಸ್ವಂತ ಮಗಳು ಒರಟಾಗಿ ಉತ್ತರ ಕೊಟ್ಟು ಸೆಟೆದು ಸಾಯುತ್ತಾಳೆ. ಇಲ್ಲಿ ನನಗೆ ಬಲು ಇಷ್ಟವಾಗುವುದು ಮೇಜಿನ ಕೆಳಗಿನ ನಾಯಿ. ಅದು ನಡೆಯುವುದನ್ನೆಲ್ಲ ಮೊದಲೇ ಬೊಗಳಿ ಹೇಳುತ್ತದೆ. ಬೇರೆ ಥರ ಹೇಳು ಅಂತ ಮಲತಾಯಿ ಅದಕ್ಕೆ ಬ್ಲಿನಿ ಹಾಕುತ್ತಾಳೆ, ನಮ್ಮ ದೋಸೆಯಂಥದ್ದು. ನಾಯಿ ತಿನ್ನುತ್ತದೆ, ಮತ್ತೆ ನಿಜವನ್ನೇ ಬೊಗಳುತ್ತದೆ.

ಮೂರನೆಯದು ಸಾವಿಲ್ಲದ ಕೊಶ್ಚೆಯ್ ಬರುವ ಯಾವುದಾದರೂ ಕಥೆ. ಅವನ ಸಾವು ಸೂಜಿಯ ತುದಿಯಲ್ಲಿದೆ. ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಬಾತುಕೋಳಿ ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಓಕ್ ಮರದ ಬುಡದಲ್ಲಿ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸನ ಕಥೆ ಕೇಳಿ ಬೆಳೆದ ನಮಗೆ ಇವನ ಪರಿಚಯ ಆಗಲೇ ಇದೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಜನಪದ ವಿದ್ವಾಂಸರೂ ಪ್ರಾಣವನ್ನು ಬೇರೆಡೆ ಬಚ್ಚಿಟ್ಟ ಈ ಕಥೆಗಳನ್ನು ಒಂದೇ ಬಗೆ ಅಂತಲೇ ಪಟ್ಟಿ ಮಾಡಿದ್ದಾರೆ.

ಎರಡನೆಯ ಹೆಜ್ಜೆ: ಹೆಸರುಗಳಿಗೆ ಒಂದು ಚೀಟಿ

ಒಂದು ಚೀಟಿ ತಗೊಂಡು ಪುಸ್ತಕದೊಳಗೇ ಇಡಿ. ಪ್ರತಿ ಪಾತ್ರಕ್ಕೂ ಒಂದು ಸಾಲು. ರಷ್ಯನ್ನರಿಗೆ ಹುಟ್ಟುಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಅಂತ ಮೂರು ಇರುತ್ತವೆ. ಪೆತ್ರೋವ್ನಾ ಅಂದರೆ ಪ್ಯೋತರನ ಮಗಳು, ಪೆತ್ರೋವಿಚ್ ಅಂದರೆ ಮಗ. ನಮ್ಮಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಸೇರಿಸುತ್ತೇವಲ್ಲ, ಅವರು ಇಡೀ ಹೆಸರನ್ನೇ ಸೇರಿಸುತ್ತಾರೆ.

ಇನ್ನು ಮುದ್ದಿನ ಹೆಸರು. ಅಲೆಕ್ಸಾಂಡರ್ ಮನೆಯಲ್ಲಿ ಸಾಶಾ, ನಿಕೊಲಾಯ್ ಕೋಲ್ಯಾ, ಅಲೆಕ್ಸೆಯ್ ಅಲ್ಯೋಶಾ, ಓಲ್ಗಾ ಓಲ್ಯಾ, ವಾಸಿಲಿಸಾ ವಾಸ್ಯಾ. ಹೆಸರು 'ಆ' ಅಂತ ಮುಗಿದ ತಕ್ಷಣ ಹುಡುಗಿ ಅಂದುಕೊಳ್ಳಬೇಡಿ, ನಾನು ಎಡವಿದ್ದು ಇಲ್ಲೇ. ಯಾರು ಯಾವಾಗ ಯಾವ ಹೆಸರು ಹಿಡಿದು ಕರೆಯುತ್ತಾರೆ ಅನ್ನುವುದನ್ನೂ ಗಮನಿಸಿ. ಪ್ರೀತಿಯಿಂದ ವಾಸೊಚ್ಕಾ ಅನ್ನುತ್ತಿದ್ದವರು ಇದ್ದಕ್ಕಿದ್ದಂತೆ ವಾಸಿಲಿಸಾ ಪೆತ್ರೋವ್ನಾ ಅಂದರೆ ಏನೋ ಆಗಿದೆ ಅಂತ ಅರ್ಥ.

ಮೂರನೆಯ ಹೆಜ್ಜೆ: ಮನೆಯಿಂದ ಕಾಡಿನವರೆಗೆ ಒಂದು ನಕ್ಷೆ

ಈ ಕಥೆಗಳಲ್ಲಿ ಪ್ರತಿ ಜಾಗಕ್ಕೂ ಒಬ್ಬ ಒಡೆಯ ಇದ್ದಾನೆ. ನಡುಮನೆಯಲ್ಲಿ ಇಟ್ಟಿಗೆಯ ದೊಡ್ಡ ಒಲೆ, ಅದರಲ್ಲೇ ಅಡುಗೆ, ಚಳಿಗಾಲದಲ್ಲಿ ಅದರ ಮೇಲೆಯೇ ಮಲಗುವುದು. ಅದರ ಹಿಂದೆಯೋ ಕೆಳಗೋ ಇರುವವನು ದೊಮೊವೊಯ್, ಮನೆ ಕಾಯುವ ಮುದುಕ. ಅವನನ್ನು ತಾತ ಅಂತಲೇ ಕರೆಯುತ್ತಾರೆ. ಹೊಸ ಮನೆಗೆ ಹೋಗುವಾಗ ಹಳೆಯ ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿ, ಬಾ ತಾತ ನಮ್ಮ ಜೊತೆ ಅಂತ ಕರೆದೊಯ್ಯುವ ಪದ್ಧತಿ ಇತ್ತು. ಹಬೆಯಲ್ಲಿ ಮೀಯುವ ಬಚ್ಚಲಮನೆಯಲ್ಲಿ ಬಾನ್ನಿಕ್. ಎಲ್ಲರೂ ಮಿಂದಾದ ಮೇಲೆ ಕೊನೆಯ ಸರದಿ ಅವನದು, ಆಗ ಮನುಷ್ಯರು ಒಳಗೆ ಹೋಗಬಾರದು. ಕಾಡಿನಲ್ಲಿ ಲೇಶಿ, ದಾರಿ ತಪ್ಪಿಸುವವನು. ಅಂಗಿಯನ್ನು ಒಳಹೊರಗು ಮಾಡಿ ಹಾಕಿಕೊಂಡರೆ ದಾರಿ ಮತ್ತೆ ಸಿಗುತ್ತದೆ. ನೀರಿನಲ್ಲಿ ವೊದ್ಯನೊಯ್, ಮುಳುಗಿ ಸತ್ತ ಹುಡುಗಿಯರಾದ ರುಸಾಲ್ಕಾಗಳು.

ಇವನ್ನು ಚೀಟಿಯ ಹಿಂಬದಿಯಲ್ಲಿ ಒಂದು ಮನೆ, ಒಂದು ಹೊಳೆ, ಒಂದು ಕಾಡು ಗೀಚಿ ಗುರುತು ಹಾಕಿ. ಕಾದಂಬರಿಯ ಹುಡುಗಿ ಒಲೆಯ ಬಳಿ ಬ್ರೆಡ್ಡಿನ ತುಂಡು ಇಡುತ್ತಿದ್ದರೆ ಯಾರಿಗೆ ಅಂತ ನಿಮಗೆ ಹೇಳದೆಯೇ ತಿಳಿಯುತ್ತದೆ. ಒಂದು ಎಚ್ಚರಿಕೆ: ದೊಮೊವೊಯ್‌ನನ್ನು ನಮ್ಮ ಭೂತ, ದೈವಗಳಿಗೆ ಸಮ ಮಾಡಿ ಓದಬೇಡಿ. ದೈವಕ್ಕೆ ಕೋಲ ಇದೆ, ಪಾಡ್ದನ ಇದೆ, ಊರು ಕೂಡಿ ನಡೆಸುವ ನೇಮ ಇದೆ. ಇವನು ಒಂದು ಒಲೆಯ, ಒಂದು ಮನೆಯವರ ಮುದುಕ.

ನಾಲ್ಕನೆಯ ಹೆಜ್ಜೆ: ಯಾವ ದೇಶದ ಕಥೆ ಅಂತ ಕೇಳಿ

ಸ್ಲಾವಿಕ್ ಅಂದ ಕೂಡಲೇ ರಷ್ಯಾ ಅಂದುಕೊಳ್ಳುವುದು ದೊಡ್ಡ ತಪ್ಪು. ಪೂರ್ವಕ್ಕೆ ರಷ್ಯಾ, ಉಕ್ರೇನ್, ಬೆಲಾರುಸ್. ಪಶ್ಚಿಮಕ್ಕೆ ಪೋಲೆಂಡ್, ಚೆಕ್, ಸ್ಲೊವಾಕಿಯಾ. ದಕ್ಷಿಣಕ್ಕೆ ಸರ್ಬಿಯಾ, ಕ್ರೊಯೇಷಿಯಾ, ಬಲ್ಗೇರಿಯಾ ಮುಂತಾದವು. ಕನ್ನಡದ ಕಥೆಯನ್ನು ಯಾರೋ ಸುಮ್ನೆ ಸೌತ್ ಇಂಡಿಯನ್ ಅಂದುಬಿಟ್ಟರೆ ನಮಗೆ ಹೇಗನ್ನಿಸುತ್ತದೆ? ಅವರಿಗೂ ಹಾಗೇ. ರಷ್ಯಾದ ಬಾಬಾ ಯಾಗಾ ಚೆಕ್ ನಾಡಿನಲ್ಲಿ ಯೆಝಿಬಾಬಾ. ಉಕ್ರೇನಿನ ಕಾಡಿನಲ್ಲಿ ಮಾವ್ಕಾ ಅನ್ನುವ ವನಕನ್ಯೆ ಇದ್ದಾಳೆ, ಲೇಸ್ಯಾ ಉಕ್ರಾಯಿಂಕಾ 1911ರಲ್ಲಿ ಬರೆದ ನಾಟಕದಿಂದ ಅವಳು ಅಲ್ಲಿ ಮನೆಮಾತು. ಸರ್ಬಿಯಾದ ಬೆಟ್ಟಗಳಲ್ಲಿ ವೀಲಾ ಅನ್ನುವ ಯಕ್ಷಿಣಿಯರು. ಹಂಗೇರಿ, ರೊಮೇನಿಯಾದ ಕಥೆಗಳನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಆ ಎರಡು ಭಾಷೆಗಳು ಸ್ಲಾವಿಕ್ ಬಳಗದವೇ ಅಲ್ಲ. ಕಾದಂಬರಿಯ ಬೆನ್ನಹೊದಿಕೆಯಲ್ಲಿ ಬರೀ ಸ್ಲಾವಿಕ್ ಅಂತ ಇದ್ದರೆ, ಪಾತ್ರಗಳ ಹೆಸರು ನೋಡಿ ಯಾವ ನಾಡು ಅಂತ ನೀವೇ ಪತ್ತೆ ಮಾಡಿ.

ಐದನೆಯ ಹೆಜ್ಜೆ: ಮೊದಲ ಕಾದಂಬರಿ ಆರಿಸಿಕೊಳ್ಳುವುದು

ಇಲ್ಲಿ ಹೇಳುವುದೆಲ್ಲ ಇಂಗ್ಲಿಷ್ ಕಾದಂಬರಿಗಳು. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಹಳೆಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ಕಣ್ಣಾಡಿಸಿ.

ಹತ್ತು ಹನ್ನೆರಡು ವರ್ಷದವರಿಗೆ ಸೋಫಿ ಆಂಡರ್ಸನ್ ಅವರ 'ದಿ ಹೌಸ್ ವಿತ್ ಚಿಕನ್ ಲೆಗ್ಸ್' (2018). ಹನ್ನೆರಡರ ಮರೀಂಕಾ, ಅವಳ ಅಜ್ಜಿ ಯಾಗಾ, ಊರೂರು ನಡೆದುಹೋಗುವ ಮನೆ. ಅಜ್ಜಿಯ ಕೆಲಸ ಸತ್ತವರನ್ನು ಪ್ರೀತಿಯಿಂದ ಆಚೆಗೆ ಬೀಳ್ಕೊಡುವುದು. ಮನುಷ್ಯರನ್ನು ತಿನ್ನುವ ಮುದುಕಿಯನ್ನು ಹೀಗೆ ಬದಲಾಯಿಸಬಹುದಾ ಅಂತ ಮೊದಲು ನನಗೂ ಅನ್ನಿಸಿತ್ತು. ಆದರೆ ರಷ್ಯಾದ ಜನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1946ರಲ್ಲೇ ಇದನ್ನು ಚರ್ಚಿಸಿದ್ದರು. ಯಾಗಾಳ ಗುಡಿಸಲು ಬದುಕಿದವರ ಲೋಕಕ್ಕೂ ಸತ್ತವರ ಲೋಕಕ್ಕೂ ನಡುವಿನ ಗಡಿ, ಅವಳು ಅಲ್ಲಿನ ಕಾವಲುಗಾರ್ತಿ ಅನ್ನುವುದು ಅವರ ವಾದ. ಕಥೆಗಳಲ್ಲಿ ನಾಯಕ ಗುಡಿಸಲಿಗೆ, ಕಾಡಿಗೆ ಬೆನ್ನು ಮಾಡಿ ನನಗೆ ಮುಖ ಮಾಡಿ ನಿಲ್ಲು ಅಂತ ಹೇಳುತ್ತಾನೆ. ಸುತ್ತು ಹಾಕಿ ಬರೋಕೆ ಆಗದ ಗಡಿ ಅದು.

ಹದಿಮೂರು ಹದಿನಾಲ್ಕರವರು ಲೀ ಬಾರ್ಡುಗೊ ಅವರ 'ಶ್ಯಾಡೋ ಅಂಡ್ ಬೋನ್' (2012) ಹಿಡಿಯಬಹುದು. ವೇಗವಾಗಿ ಓದಿಸಿಕೊಳ್ಳುತ್ತದೆ, ನೆಟ್‌ಫ್ಲಿಕ್ಸಿನಲ್ಲಿ ಸರಣಿಯಾಗಿಯೂ ಬಂತು. ಆದರೆ ಇದು ಜನಪದ ಕಥೆಯ ಮರುಕಥನ ಅಲ್ಲ, ಜ಼ಾರ್ ಕಾಲದ ರಷ್ಯಾದ ಬಣ್ಣ ಬಳಿದ ಬೇರೆ ಲೋಕ. ರಷ್ಯನ್ ಬಲ್ಲವರು ಇದರಲ್ಲಿ ತಪ್ಪು ಹಿಡಿದಿದ್ದಾರೆ, ಅವರ ಮಾತು ನನಗೂ ಸರಿ ಅನ್ನಿಸುತ್ತದೆ. ನಾಯಕಿ ಅಲೀನಾ ಸ್ಟಾರ್ಕೊವ್. ಹೆಣ್ಣಾದರೆ ಅದು ಸ್ಟಾರ್ಕೊವಾ ಆಗಬೇಕು. ಕ್ವಾಸ್ ಕುಡಿದು ಅಮಲೇರಿಸಿಕೊಳ್ಳುತ್ತಾರೆ. ಕ್ವಾಸ್ ಅಂದರೆ ರೈ ಬ್ರೆಡ್ಡು ಹುಳಿಸಿ ಮಾಡುವ ಪಾನೀಯ, ಮಕ್ಕಳೂ ಕುಡಿಯುತ್ತಾರೆ.

ಹದಿನಾರು ದಾಟಿದವರಿಗೆ ನನ್ನ ಮೊದಲ ಆಯ್ಕೆ ಕ್ಯಾಥರಿನ್ ಆರ್ಡನ್ ಅವರ 'ದಿ ಬೇರ್ ಅಂಡ್ ದಿ ನೈಟಿಂಗೇಲ್' (2017). ಇದನ್ನು ಪ್ರಕಟಿಸಿದ್ದು ದೊಡ್ಡವರಿಗಾಗಿ, ಆದರೆ ಹರೆಯದವರು ತಮ್ಮದಾಗಿಸಿಕೊಂಡಿದ್ದಾರೆ. ಹದಿನಾಲ್ಕನೆಯ ಶತಮಾನದ ರಷ್ಯಾದ ಉತ್ತರದ ಹಳ್ಳಿ. ಮೊದಲ ಅಧ್ಯಾಯದಲ್ಲೇ ಮುದುಕಿ ದೂನ್ಯಾ ಒಲೆಯ ಪಕ್ಕ ಕೂತು ಮಕ್ಕಳಿಗೆ ಮೊರೋಜ್ಕೊ ಕಥೆ ಹೇಳುತ್ತಾಳೆ, ನೀವು ಆಗಲೇ ಓದಿರುವ ಕಥೆ. ಆಮೇಲೆ ಹಳ್ಳಿಗೆ ಹೊಸ ಪಾದ್ರಿ ಬರುತ್ತಾನೆ. ಜನ ಒಲೆಯ ಮುದುಕನಿಗೆ ತುತ್ತು ಇಡುವುದನ್ನು ಬಿಡುತ್ತಾರೆ. ದೊಮೊವೊಯ್ ಸೊರಗುತ್ತಾ ಹೋಗುವುದು ವಾಸ್ಯಾಳ ಕಣ್ಣಿಗೆ ಬೀಳುತ್ತದೆ. ನೀವು ಗೀಚಿದ ನಕ್ಷೆ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಪುಸ್ತಕದ ಕೊನೆಯಲ್ಲಿ ಪದಗಳ ಪಟ್ಟಿಯೂ ಇದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಪೋಲೆಂಡಿನ ಕಡೆಗೆ ಹೋಗಬೇಕೆಂದರೆ ನವೋಮಿ ನೋವಿಕ್ ಅವರ 'ಅಪ್‌ರೂಟೆಡ್' (2015). ನೋವಿಕ್ ಅವರ ತಾಯಿ ಪೋಲಿಷ್, ಕೇಳಿ ಬೆಳೆದ ಕಥೆಗಳ ವಾಸನೆ ಪುಸ್ತಕದ ತುಂಬ ಇದೆ. ಊರನ್ನೇ ನುಂಗುವ ಕಾಡು ಇದರ ಖಳ. ಒಂದೆರಡು ಕಡೆ ದೇಹ ಸಂಬಂಧದ ವರ್ಣನೆ ಬಿಚ್ಚಾಗಿಯೇ ಇದೆ. ಹಾಗಾಗಿ ಚಿಕ್ಕವರ ಕೈಗೆ ಕೊಡುವ ಮೊದಲು ನೀವು ಓದಿ.

ಆರನೆಯ ಹೆಜ್ಜೆ: ಓದುವಾಗ ಪೆನ್ಸಿಲ್ ಹಿಡಿಯಿರಿ

ಹಳೆಯ ಕಥೆಯಿಂದ ಉಳಿಸಿಕೊಂಡದ್ದು ಕಂಡರೆ ಅಂಚಿನಲ್ಲಿ ಒಂದು ಗೀಟು, ಬದಲಿಸಿದ್ದು ಕಂಡರೆ ಎರಡು ಗೀಟು. ಅಷ್ಟೇ ಸಾಕು. ಬೊಂಬೆ ಇದೆಯಾ? ಮಲತಾಯಿ ಬರೀ ಕೆಟ್ಟವಳಾ, ಅವಳಿಗೂ ಒಂದು ಭಯ ಇದೆಯಾ? ಆರ್ಡನ್ ಅವರ ಕಾದಂಬರಿಯ ಮಲತಾಯಿ ಆನ್ನಾಗೂ ವಾಸ್ಯಾಳ ಹಾಗೆ ಎಲ್ಲ ಕಾಣುತ್ತದೆ. ಆದರೆ ಅವಳು ಅವನ್ನು ದೆವ್ವಗಳೆಂದು ತಿಳಿದು ನಡುಗುತ್ತಾಳೆ. ನಾನು ಅಲ್ಲಿ ಎರಡು ಗೀಟು ಎಳೆದು ಬಹಳ ಹೊತ್ತು ಕೂತಿದ್ದೆ. ಒಂದೇ ಕಣ್ಣು ಇಬ್ಬರಿಗೆ, ಒಬ್ಬಳಿಗೆ ಅದು ಗೆಳೆತನ, ಇನ್ನೊಬ್ಬಳಿಗೆ ನರಕ. ಹಳೆಯ ಕಥೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ನಡುನಡುವೆ ಕಣ್ಣಿಗೂ ಕಿವಿಗೂ ಏನಾದರೂ ಕೊಡಿ. ಇವಾನ್ ಬಿಲಿಬಿನ್ 1899ರಲ್ಲಿ ಬರೆದ ವಾಸಿಲಿಸಾ ಚಿತ್ರ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ: ಕಪ್ಪು ಕಾಡು, ಕೋಲಿನ ತುದಿಗೆ ಉರಿಯುವ ಬುರುಡೆ, ಕೆಳಗೆ ಹುಡುಗಿ. ಬೆಂಕಿಹಕ್ಕಿಯ ಕಥೆ ಓದುವ ದಿನ ಸ್ಟ್ರಾವಿನ್‌ಸ್ಕಿ 1910ರಲ್ಲಿ ಪ್ಯಾರಿಸಿನ ಬ್ಯಾಲೆಗೆ ಬರೆದ ಸಂಗೀತ ಹಾಕಿ. ಕೊಶ್ಚೆಯ್‌ನ ಪರಿವಾರ ಕುಣಿಯುವ ಭಾಗವನ್ನು ಸ್ವಲ್ಪ ಜೋರಾಗಿಯೇ ಇಟ್ಟು ಕೇಳಿ.

ಕೊನೆಯ ಹೆಜ್ಜೆ: ವಾಸಿಲಿಸಾಳ ಬಳಿಗೆ ವಾಪಸ್ಸು

ಕಾದಂಬರಿ ಮುಗಿದ ಮಾರನೆಯ ದಿನ 'ಸುಂದರಿ ವಾಸಿಲಿಸಾ' ಕಥೆಯನ್ನು ಇನ್ನೊಮ್ಮೆ ಓದಿ, ಈ ಸಲ ಗಟ್ಟಿಯಾಗಿ, ಯಾರಾದರೂ ಕೇಳುವವರಿದ್ದರೆ ಅವರಿಗೆ. ಯಾಗಾ ಕೊಟ್ಟು ಕಳಿಸಿದ ಬುರುಡೆಯ ಬೆಂಕಿ ಮಲತಾಯಿಯನ್ನೂ ಅಕ್ಕಂದಿರನ್ನೂ ಸುಟ್ಟು ಬೂದಿ ಮಾಡಿದ ಮೇಲೆ ಕಥೆ ಮುಗಿಯಿತು ಅಂತ ಬಹಳ ಜನ ಪುಸ್ತಕ ಮುಚ್ಚುತ್ತಾರೆ. ಮುಚ್ಚಬೇಡಿ, ಇನ್ನೂ ಎರಡು ಪುಟ ಇದೆ. ಬೆಳಗಾಗುತ್ತದೆ. ವಾಸಿಲಿಸಾ ಬುರುಡೆಯನ್ನು ನೆಲದಲ್ಲಿ ಹೂಳುತ್ತಾಳೆ, ಮನೆಗೆ ಬೀಗ ಹಾಕುತ್ತಾಳೆ, ಊರೊಳಗೆ ಹೋಗಿ ಮಕ್ಕಳಿಲ್ಲದ ಒಬ್ಬ ಮುದುಕಿಯ ಮನೆಯಲ್ಲಿ ಆಸರೆ ಕೇಳುತ್ತಾಳೆ. ಸುಮ್ನೆ ಕೂರೋಕೆ ಬೇಜಾರು ಅಜ್ಜಿ, ಒಳ್ಳೆಯ ಅಗಸೆನಾರು ತಂದುಕೊಡಿ, ನೂಲುತ್ತೇನೆ ಅನ್ನುತ್ತಾಳೆ. ನೂಲು ಕೂದಲಿನಷ್ಟು ತೆಳ್ಳಗೆ ಬರುತ್ತದೆ. ನೇಯ್ದ ಬಟ್ಟೆ ದಾರದ ಹಾಗೆ ಸೂಜಿಯ ಕಣ್ಣಿನಲ್ಲಿ ತೂರುತ್ತದೆ. ಮುದುಕಿ ಅದನ್ನು ರಾಜನಿಗೆ ಒಯ್ದು ಕೊಡುತ್ತಾಳೆ, ಆದರೆ ಹೊಲಿಯುವ ಕೈ ಅವನಿಗೆ ಬೇರೆಲ್ಲೂ ಸಿಗುವುದಿಲ್ಲ. ಕೊನೆಗೆ ಹನ್ನೆರಡು ಅಂಗಿ ಹೊಲಿಯುವವಳೂ ಅವಳೇ. ರಾಣಿಯಾದ ಮೇಲೂ ಬೊಂಬೆ ಅವಳ ಜೇಬಿನಲ್ಲೇ ಇರುತ್ತದೆ, ಸಾಯುವವರೆಗೂ.

ನೀವು ಓದಿದ ಕಾದಂಬರಿಯಲ್ಲಿ ಈ ಎರಡು ಪುಟ ಎಲ್ಲಿ ಹೋಯಿತು ಅಂತ ಹುಡುಕಿ. ಅದನ್ನು ಚೀಟಿಯಲ್ಲಿ ಬರೆದಿಟ್ಟು, ಮುಂದಿನ ಪುಸ್ತಕಕ್ಕೆ ಅದೇ ಚೀಟಿಯನ್ನು ಇಡಿ.